ಸಂಕ್ರಾಂತಿ ಎಳ್ಳಿನ ಜೊತೆ ಶುಗರ್ ಕುಕಿ: ಮೊಟ್ಟೆ ಇಲ್ಲದೆ ಆಕಾರ ನಿಲ್ಲುತ್ತಾ?

ಬನಶಂಕರಿ ಗಿಳಿ

ಎಲ್ಲರಿಗೂ ನಮಸ್ಕಾರ. ಈ ಸಲ ಎಳ್ಳು ಬೀರುವಾಗ ಸಕ್ಕರೆ ಅಚ್ಚಿನ ಜೊತೆ ಮನೆಯಲ್ಲೇ ಮಾಡಿದ ಶುಗರ್ ಕುಕಿಯನ್ನೂ ಕೊಡಬೇಕು ಅಂತ ಮಗಳು ಹಟ ಹಿಡಿದಿದ್ದಾಳೆ. ಮೇಲೆ ಬಣ್ಣದ ಐಸಿಂಗ್ ಇರುತ್ತಲ್ಲ, ಅದೇ ಕುಕಿ. ಗಿಳಿ, ಹಸು, ಮಡಕೆ, ಗಾಳಿಪಟ, ಇಷ್ಟು ಕಟರ್ ತರಿಸಿ ಇಟ್ಟಿದ್ದೇವೆ. ರುಚಿಗೆ ಮೋಸ ಇಲ್ಲ. ಆದರೆ ಓಟಿಜಿಯಿಂದ (ಮನೆಯ ಸಣ್ಣ ಕರೆಂಟ್ ಓವನ್) ಆಚೆ ತೆಗೆಯುವಷ್ಟರಲ್ಲಿ ಕೊಕ್ಕು ಎದೆಗೆ ಅಂಟಿಕೊಂಡು ಗಿಳಿಯೋ ಬಾತುಕೋಳಿಯೋ ಗೊತ್ತಾಗುವುದಿಲ್ಲ.

ಅಳತೆ ಇದು: ಉಪ್ಪು ಹಾಕಿದ ಅಂಗಡಿ ಬೆಣ್ಣೆ 100 ಗ್ರಾಂ, ಸಕ್ಕರೆ 100 ಗ್ರಾಂ, ಮೈದಾ 180 ಗ್ರಾಂ, ಅರ್ಧ ಚಮಚ ಬೇಕಿಂಗ್ ಪೌಡರ್.

ಮೊಟ್ಟೆ ಕೂಡದು. ಎಳ್ಳು ಹೋಗುವ ಮನೆಗಳಲ್ಲಿ ಅರ್ಧಕ್ಕರ್ಧ ಮೊಟ್ಟೆ ಮುಟ್ಟದವರು. ಐಸಿಂಗ್‌ಗೂ ಅದೇ ಷರತ್ತು. ಗೊತ್ತಿದ್ದವರು ದಯವಿಟ್ಟು ಹೇಳಿ.

ಓಟಿಜಿ ಅಕ್ಕ

ಮೊದಲು ಬೇಕಿಂಗ್ ಪೌಡರ್ ತೆಗೆದುಬಿಡಿ. ಕಟರ್‌ನಿಂದ ಕತ್ತರಿಸುವ ಕುಕಿ ಉಬ್ಬಬಾರದು. ಉಬ್ಬಿದರೆ ಅಂಚು ದುಂಡಗಾಗುತ್ತೆ, ಮೇಲ್ಮೈ ಡುಬ್ಬ ಆಗುತ್ತೆ, ಆಮೇಲೆ ಐಸಿಂಗ್ ಒಂದು ಕಡೆಗೆ ಹರಿಯುತ್ತೆ.

ಎರಡನೆಯದು ಸಕ್ಕರೆ. ನಿಮ್ಮ ಅಳತೆಯಲ್ಲಿ ಬೆಣ್ಣೆಯಷ್ಟೇ ಸಕ್ಕರೆ ಇದೆ, ಜಾಸ್ತಿ ಆಯಿತು. ಬಿಸಿಗೆ ಸಕ್ಕರೆ ಕರಗಿ ನೀರಾಗುತ್ತೆ, ಹಿಟ್ಟನ್ನೂ ಜೊತೆಗೆ ಎಳೆದುಕೊಂಡು ಹರಡುತ್ತೆ. ನಾನು ಮಾಡುವುದು ಹಳೇ ಲೆಕ್ಕ: ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಮೈದಾ ಮೂರು. ತೂಕದ ಲೆಕ್ಕ, ಕಪ್ಪಿನದ್ದಲ್ಲ. 100 ಗ್ರಾಂ ಪುಡಿ ಸಕ್ಕರೆ, 200 ಗ್ರಾಂ ಉಪ್ಪಿಲ್ಲದ ಬೆಣ್ಣೆ, 300 ಗ್ರಾಂ ಮೈದಾ, ಚಿಟಿಕೆ ಉಪ್ಪು, ವೆನಿಲಾ ಅಥವಾ ಏಲಕ್ಕಿ. ಹಿಟ್ಟು ಕೂಡಿಕೊಳ್ಳದಿದ್ದರೆ ತಣ್ಣನೆ ಹಾಲು ಒಂದು ಚಮಚ. ಮೊಟ್ಟೆಯ ಅಗತ್ಯವೇ ಬೀಳುವುದಿಲ್ಲ. ಸಿಹಿ ಕಮ್ಮಿ ಅನ್ನಿಸಬಹುದು, ಆದರೆ ಮೇಲೆ ಪೂರ್ತಿ ಸಕ್ಕರೆಯೇ ಬಳಿಯುತ್ತೀರಲ್ಲ!

ಬೆಣ್ಣೆ ಸಕ್ಕರೆಯನ್ನು ಕೇಕ್‌ಗೆ ಹೊಡೆದ ಹಾಗೆ ಬೆಳ್ಳಗೆ ನೊರೆ ಬರುವತನಕ ಹೊಡೆಯಬೇಡಿ. ಒಳಗೆ ಗಾಳಿ ತುಂಬಿಕೊಂಡರೆ ಒಲೆಯಲ್ಲಿ ಅದೂ ಉಬ್ಬುತ್ತೆ. ಎರಡೂ ಬೆರೆತರೆ ಸಾಕು.

ಈಗ ಮುಖ್ಯ ವಿಷಯ. ಎಲ್ಲರೂ ಹಿಟ್ಟನ್ನು ಉಂಡೆ ಕಟ್ಟಿ ಫ್ರಿಜ್ಜಿಗೆ ಇಡುತ್ತಾರೆ. ಅದು ಕಲ್ಲಾಗುತ್ತೆ, ಲಟ್ಟಿಸುವಷ್ಟರಲ್ಲಿ ಮತ್ತೆ ಮೆತ್ತಗಾಗುತ್ತೆ. ಉಲ್ಟಾ ಮಾಡಿ. ಕಲಸಿದ ತಕ್ಷಣ ಎರಡು ಹಾಳೆ ಕಾಗದದ ನಡುವೆ ಇಟ್ಟು ಲಟ್ಟಿಸಿ. ಅಕ್ಕಪಕ್ಕ 6 ಮಿಲಿಮೀಟರ್ ದಪ್ಪದ ಎರಡು ಮರದ ಪಟ್ಟಿ ಇಟ್ಟುಕೊಂಡರೆ ಲಟ್ಟಣಿಗೆ ಅದರ ಮೇಲೇ ಓಡುತ್ತೆ, ಎಲ್ಲ ಕಡೆ ಒಂದೇ ದಪ್ಪ ಬರುತ್ತೆ. ಆ ಹಾಳೆಯನ್ನು ಹಾಗೇ ತಟ್ಟೆಯ ಮೇಲೆ ಇಟ್ಟು ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿ ಇಡಿ. ಆಮೇಲೆ ಕಟರ್ ಒತ್ತಿ. ಕತ್ತರಿಸಿದ ಗಿಳಿಗಳು ಟ್ರೇ ಸಮೇತ ಹತ್ತು ಹದಿನೈದು ನಿಮಿಷ ಫ್ರೀಜರ್‌ಗೆ ಹೋಗಲಿ, ಅಲ್ಲಿಂದ ಸೀದಾ ಬಿಸಿ ಓವನ್‌ಗೆ. ಬೆಣ್ಣೆ ಕರಗುವ ಮೊದಲೇ ಅಂಚು ಗಟ್ಟಿಯಾಗಬೇಕು. ಅದಕ್ಕೇ ಇಷ್ಟೆಲ್ಲ.

ಜಯನಗರ ಥರ್ಮಾಮೀಟರ್

ಅಕ್ಕ ಹೇಳಿದ್ದೆಲ್ಲ ಸರಿ. ಓವನ್ ಬಗ್ಗೆ ನಾನು ಸೇರಿಸುತ್ತೇನೆ. ಓಟಿಜಿ ಗುಂಡಿಯಲ್ಲಿ 170 ಅಂತ ಬರೆದಿದ್ದರೆ ಒಳಗೆ 170 ಇದೆ ಅಂತ ನಂಬಬೇಡಿ. ಒಳಗೆ ನೇತುಹಾಕುವ ಥರ್ಮಾಮೀಟರ್ ಸಿಗುತ್ತೆ, ಒಂದು ತಗೊಳ್ಳಿ. ರಾಡ್ ಕೆಂಪಾಗಿ ಆರುತ್ತಾ ಇರುವಾಗ ಕಾವು ಏರಿಳಿಯುತ್ತಲೇ ಇರುತ್ತೆ. ಕಾಯದ ಓವನ್‌ಗೆ ಕುಕಿ ಇಟ್ಟರೆ ಬೆಣ್ಣೆ ಮೊದಲು ಕರಗುತ್ತೆ, ಹಿಟ್ಟು ಆಮೇಲೆ ಬೇಯುತ್ತೆ. ಗಿಳಿ ಬಾತುಕೋಳಿ ಆಗುವುದು ಆಗಲೇ.

ಮೇಲೆ ಕೆಳಗೆ ಎರಡೂ ರಾಡ್, ನಡುವಿನ ಹಂತ, 170 ಡಿಗ್ರಿ, 10ರಿಂದ 13 ನಿಮಿಷ. ಅಂಚು ಸ್ವಲ್ಪ ಬಣ್ಣ ತಿರುಗಿದರೆ ತೆಗೆಯಿರಿ. ಮೆತ್ತಗಿದೆಯಲ್ಲ ಅಂತ ಬಿಡಬೇಡಿ, ಆರಿದ ಮೇಲೆ ಗಟ್ಟಿಯಾಗುತ್ತೆ. ಒಂದು ಟ್ರೇಗೆ ಒಂದೇ ಗಾತ್ರದ ಆಕಾರ ಇಡಿ. ಗಾಳಿಪಟದ ಜೊತೆ ಗಿಳಿ ಇಟ್ಟರೆ ಗಿಳಿಯ ಬಾಲ ಕಪ್ಪಾಗಿರುತ್ತೆ, ಗಾಳಿಪಟದ ಹೊಟ್ಟೆ ಹಸಿ ಇರುತ್ತೆ.

ಇನ್ನೊಂದು. ಓಟಿಜಿ ಸುಮಾರು 1500 ವ್ಯಾಟ್ ಮೇಲೇ ಎಳೆಯುತ್ತೆ. ನಡುವೆ ಕರೆಂಟ್ ಹೋದರೆ ಮನೆಯ ಯುಪಿಎಸ್ ಅದನ್ನು ತಡೆಯುವುದಿಲ್ಲ. ಬೆಸ್ಕಾಂ ಕರೆಂಟ್ ತೆಗೆಯುವ ದಿನದ ಮೆಸೇಜ್ ನೋಡಿಕೊಂಡು ಹಿಟ್ಟು ಕಲಸಿ.

ಹೆಸರಘಟ್ಟ ಹುಡುಗಿ

ಬೆಂಗಳೂರು ಎತ್ತರದಲ್ಲಿ ಇರುವುದರಿಂದ ಕುಕಿ ಹರಡುತ್ತೆ ಅಂತ ಎಲ್ಲೋ ಓದಿದ್ದೆ. ನಿಜಾನಾ?

ಜಯನಗರ ಥರ್ಮಾಮೀಟರ್

ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ. ಇಲ್ಲಿ ನೀರು 97 ಡಿಗ್ರಿ ಹತ್ತಿರ ಕುದಿಯುತ್ತೆ. ಬೇಳೆ ಬೇಯಿಸುವಾಗ ಗೊತ್ತಾದರೂ ಆಗಬಹುದು. ಬೇಕಿಂಗ್ ಪೌಡರ್ ಇಲ್ಲದ ಕುಕಿಗೆ ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಬೆಣ್ಣೆ ಬೆಚ್ಚಗಿತ್ತು ಅನ್ನುವುದಕ್ಕೆ ಬೆಂಗಳೂರನ್ನು ಬೈಯುವುದು ಸುಲಭ, ಅಷ್ಟೆ.

ಪೇಟೆ ಅಜ್ಜಿ

ನನಗೊಂದು ಅರ್ಥ ಆಗುತ್ತಿಲ್ಲ. ಸಕ್ಕರೆ ಅಚ್ಚು ಇರುವಾಗ ಈ ಬಿಸ್ಕತ್ತು ಯಾಕಮ್ಮ? ನಮ್ಮ ಕಾಲದಲ್ಲಿ ಮರದ ಅಚ್ಚು ಹಿಂದಿನ ದಿನವೇ ನೀರಿಗೆ ಹಾಕಿಡುತ್ತಿದ್ದೆವು. ಪಾಕಕ್ಕೆ ಒಂದು ಸೌಟು ಹಾಲು ಹಾಕಿದರೆ ಕೊಳೆಯೆಲ್ಲ ಮೇಲೆ ಬರುತ್ತಿತ್ತು, ಬಟ್ಟೆಯಲ್ಲಿ ಸೋಸಿ ಮತ್ತೆ ಒಲೆಗೆ. ಆಮೇಲೆ ಸ್ವಲ್ಪ ಸ್ವಲ್ಪವೇ ತಗೊಂಡು ಸೌಟಿನಿಂದ ತಿಕ್ಕಿ ತಿರುವಿದರೆ ಮೋಡ ಕಟ್ಟಿದಂತೆ ಬೆಳ್ಳಗಾಗುತ್ತಿತ್ತು. ಆ ಹದ ತಪ್ಪುವ ಮೊದಲೇ ಅಚ್ಚಿಗೆ ಹುಯ್ಯಬೇಕು. ಗಿಳಿಯ ಕೊಕ್ಕು, ಗರಿ, ಎಲ್ಲ ಬರುತ್ತಿತ್ತು. ಹರಡುವ ಮಾತೇ ಇಲ್ಲ.

ಬನಶಂಕರಿ ಗಿಳಿ

ಅಜ್ಜಿ, ಸಕ್ಕರೆ ಅಚ್ಚು ಬಿಡುವುದಿಲ್ಲ. ಗಾಂಧಿ ಬಜಾರ್‌ನಿಂದ ಆಗಲೇ ತಂದಾಯಿತು. ಇದು ಜೊತೆಗೆ ಮಕ್ಕಳಿಗೆ.

ಮಲ್ಲೇಶ್ವರ ಎಂಟನೇ ಕ್ರಾಸ್

ಅಜ್ಜಿ ಹೇಳಿದ್ದು ಕೇಳಿ ಒಂದು ಯೋಚನೆ ಬಂತು. ಆ ಮರದ ಅಚ್ಚಿಗೇ ಕುಕಿ ಹಿಟ್ಟು ಒತ್ತಿದರೆ?

ಬೇಕರಿ ಮನೆ ಹುಡುಗ

ಒತ್ತಬಹುದು, ಆದರೆ ಸಕ್ಕರೆ ಅಚ್ಚು ಎರಡು ಹೋಳಿನದು, ಆಳ ಜಾಸ್ತಿ. ಅಷ್ಟು ದಪ್ಪದ ಹಿಟ್ಟು ಒಳಗೆ ಬೇಯುವುದಿಲ್ಲ, ಬಿಡಿಸುವಾಗಲೂ ಮುರಿಯುತ್ತೆ. ದಕ್ಷಿಣ ಜರ್ಮನಿಯಲ್ಲಿ ಸ್ಪ್ರಿಂಗರ್ಲೆ ಅಂತ ಕ್ರಿಸ್‌ಮಸ್ ಬಿಸ್ಕತ್ತು ಇದೆ. ಕೆತ್ತಿದ ಮರದ ಅಚ್ಚನ್ನು ಹಿಟ್ಟಿನ ಮೇಲೆ ಒತ್ತಿ, ರಾತ್ರಿಯೆಲ್ಲ ಒಣಗಲು ಬಿಟ್ಟು, ಮಾರನೇ ದಿನ ಬೇಯಿಸುತ್ತಾರೆ. ಮೇಲ್ಪದರ ಒಣಗಿರುವುದರಿಂದ ಚಿತ್ತಾರ ಅಳಿಸುವುದಿಲ್ಲ. ಅವರ ಅಚ್ಚು ಆಳ ಇರುವುದಿಲ್ಲ, ಹಿಟ್ಟಿಗೆ ಮೊಟ್ಟೆಯೂ ಬೀಳುತ್ತೆ. ಇಲ್ಲಿಗೆ ಹೊಂದುವುದಿಲ್ಲ.

ನಮ್ಮ ಮನೆಯದು ಅಯ್ಯಂಗಾರ್ ಬೇಕರಿ ದಂಧೆ. ಮೊಟ್ಟೆ ಇಲ್ಲದೆ ಹೇಗೆ ಅಂತ ಬೆಂಗಳೂರಲ್ಲಿ ಕೇಳುವುದೇ ತಮಾಷೆ ಅನ್ನಿಸುತ್ತೆ. ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ಶುರುವಾಗಿದ್ದು 1898ರಲ್ಲಿ. ಆವಾಗಿನಿಂದ ಈ ಊರು ಮೊಟ್ಟೆ ಇಲ್ಲದ ಬೆಣ್ಣೆ ಬಿಸ್ಕತ್ತು ತಿನ್ನುತ್ತಾ ಬಂದಿದೆ. ಅಕ್ಕ ಕೊಟ್ಟ ಒಂದು ಎರಡು ಮೂರರ ಲೆಕ್ಕ ಬೆಣ್ಣೆ ಬಿಸ್ಕತ್ತಿನ ನೆಂಟ. ಆದರೆ ಕೆಲವು ಬಿಸ್ಕತ್ತಿಗೆ ಬೇಕರಿಯಲ್ಲಿ ಅಮೋನಿಯಾ (ಹಿಟ್ಟು ಉಬ್ಬಿಸುವ ಅಮೋನಿಯಂ ಬೈಕಾರ್ಬೊನೇಟ್ ಪುಡಿ) ಹಾಕುತ್ತೇವೆ, ಗರಿಗರಿ ಬರಲಿ ಅಂತ. ಅದು ಹಿಟ್ಟನ್ನು ಹರಡಿಸುತ್ತೆ. ಯೂಟ್ಯೂಬ್‌ನಲ್ಲಿ ಬೇಕರಿ ಬಿಸ್ಕತ್ತಿನ ಅಳತೆ ನೋಡಿ ಅದಕ್ಕೆ ಕಟರ್ ಹಾಕಬೇಡಿ.

ಬೆಣ್ಣೆ ಬಗ್ಗೆಯೂ ಒಂದು ಮಾತು. ಮನೆಯಲ್ಲಿ ಮಜ್ಜಿಗೆ ಕಡೆದು ತೆಗೆದ ಬೆಣ್ಣೆ ಈ ಕೆಲಸಕ್ಕೆ ಬೇಡ. ಅದರಲ್ಲಿ ನೀರು ಎಷ್ಟಿದೆಯೋ ಹೇಳಲಾಗುವುದಿಲ್ಲ. ಅಂಗಡಿ ಬೆಣ್ಣೆಯಲ್ಲಿ ಕೊಬ್ಬು ಶೇ. 80ಕ್ಕೆ ಕಮ್ಮಿ ಇರುವ ಹಾಗಿಲ್ಲ, ನೀರು ಶೇ. 16 ದಾಟುವ ಹಾಗಿಲ್ಲ. ನಂದಿನಿ ಉಪ್ಪಿಲ್ಲದ್ದು ತಗೊಂಡರೆ ಆಯಿತು. ಸರಿಯಾಗಿ ಕಲಿಯಬೇಕು ಅನ್ನುವವರಿಗೆ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರ ಇದೆ, ಗೃಹಿಣಿಯರೂ ಹೋಗುತ್ತಾರೆ.

ಬನಶಂಕರಿ ಗಿಳಿ

ಪಟ್ಟಿ ಇಟ್ಟು ಲಟ್ಟಿಸಿದೆ, ಫ್ರೀಜರ್‌ಗೂ ಹಾಕಿದೆ. ಕೊಕ್ಕು ನಿಂತಿದೆ! ಎಲ್ಲರಿಗೂ ಥ್ಯಾಂಕ್ಸ್. ಈಗ ಐಸಿಂಗ್. ಮೆರಿಂಗ್ ಪೌಡರ್ ತಗೊಂಡರೆ ಮೊಟ್ಟೆ ಒಡೆಯುವ ರಗಳೆ ಇಲ್ಲ ಅಂತ ಅಂಗಡಿಯವರು ಹೇಳಿದರು.

ಓಟಿಜಿ ಅಕ್ಕ

ಅಯ್ಯೋ, ನಿಲ್ಲಿ! ಮೆರಿಂಗ್ ಪೌಡರ್ ಅಂದರೆ ಒಣಗಿಸಿದ ಮೊಟ್ಟೆ ಬಿಳಿಯೇ. ಪೊಟ್ಟಣ ತಿರುಗಿಸಿ ನೋಡಿ, ಹಸಿರು ಗುರುತು ಇರುವುದಿಲ್ಲ, ಕಂದು ಗುರುತು ಇರುತ್ತೆ. ನಮ್ಮ ದೇಶದ ಲೇಬಲ್ ನಿಯಮದಲ್ಲಿ ಮೊಟ್ಟೆ ಹಾಕಿದ್ದು ಮಾಂಸಾಹಾರಕ್ಕೆ ಸೇರುತ್ತೆ. ಮೊಟ್ಟೆ ಇಲ್ಲದ ಪುಡಿಯೂ ಬರುತ್ತೆ, ಹಸಿರು ಗುರುತು ನೋಡಿಯೇ ತಗೊಳ್ಳಿ. ಮೇಲೆ ಹಾಕುವ ಬಣ್ಣದ ಕಾಳುಗಳನ್ನೂ ಹಾಗೇ ನೋಡಿ.

ಹೆಸರಘಟ್ಟ ಹುಡುಗಿ

ನಾನು ಕಾಬೂಲಿ ಕಡಲೆ ಬೇಯಿಸಿದ ನೀರಿನಲ್ಲಿ ಮಾಡುತ್ತೇನೆ. ಅಕ್ವಾಫಾಬಾ ಅಂತಾರೆ. ಫ್ರಾನ್ಸಿನ ಗಾಯಕ ಜೋಯಲ್ ರೋಸೆಲ್ 2014ರಲ್ಲಿ ಇದು ಮೊಟ್ಟೆ ಬಿಳಿಯ ಹಾಗೆ ನೊರೆ ಬರುತ್ತೆ ಅಂತ ತೋರಿಸಿಕೊಟ್ಟ ಮೇಲೆ ಎಲ್ಲ ಕಡೆ ಹಬ್ಬಿತು. ಉಪ್ಪು ಹಾಕದೆ ಬೇಯಿಸಿ, ಕಾಳನ್ನು ಅದೇ ನೀರಿನಲ್ಲಿ ರಾತ್ರಿ ಫ್ರಿಜ್ಜಿನಲ್ಲಿ ಬಿಟ್ಟು, ಸೋಸಿ, ಕೈಗೆ ಲೋಳೆ ಲೋಳೆ ಹತ್ತುವತನಕ ಕುದಿಸಿ ಬತ್ತಿಸಬೇಕು. ಆ ನೀರು ಮೂರು ದೊಡ್ಡ ಚಮಚಕ್ಕೆ 250ರಿಂದ 300 ಗ್ರಾಂ ಐಸಿಂಗ್ ಶುಗರ್, ನಾಲ್ಕು ಹನಿ ನಿಂಬೆರಸ. ಕಡಲೆ ವಾಸನೆ ಒಣಗಿದ ಮೇಲೆ ಇರುವುದಿಲ್ಲ. ಮೊಟ್ಟೆ ಹಾಕಿದ ರಾಯಲ್ ಐಸಿಂಗ್ ಹಾಗೇ ಗಟ್ಟಿಯಾಗುತ್ತೆ, ಕುಕಿಗಳನ್ನು ಒಂದರ ಮೇಲೊಂದು ಇಡಬಹುದು.

ಪೇಟೆ ಅಜ್ಜಿ

ಕಡಲೆ ಬೇಯಿಸಿದ ನೀರು ಮುಸುರೆ ಆಗುತ್ತಲ್ಲಮ್ಮ, ನೀರಿನಲ್ಲಿ ಬೇಯಿಸಿದ್ದು ಮಡಿಗೆ ಬರುವುದಿಲ್ಲ. ಎಳ್ಳಿನ ತಟ್ಟೆಯಲ್ಲಿ ಹೇಗೆ ಇಡುತ್ತೀರಿ?

ಹೆಸರಘಟ್ಟ ಹುಡುಗಿ

ಅಜ್ಜಿ, ಈ ಕಾಲದಲ್ಲಿ ಯಾರು ನೋಡುತ್ತಾರೆ?

ಪೇಟೆ ಅಜ್ಜಿ

ನೋಡುವವರ ಮನೆಗೂ ಎಳ್ಳು ಹೋಗುತ್ತೆ. ಅವರು ನಗುನಗುತ್ತಾ ತಗೊಂಡು ಪಕ್ಕಕ್ಕೆ ಇಟ್ಟುಬಿಡುತ್ತಾರೆ. ಅಷ್ಟು ಕಷ್ಟಪಟ್ಟು ಮಾಡಿ ಯಾಕೆ ಹಾಗಾಗಬೇಕು? ಹಿಟ್ಟಿಗೆ ನೀರು ಹಾಕಿಲ್ಲ, ಬೆಣ್ಣೆ ಹಾಲಿನಲ್ಲೇ ಕಲಸಿದ್ದೀರಿ, ಅದನ್ನು ನಮ್ಮಂಥವರೂ ಒಪ್ಪುತ್ತೇವೆ. ಮೇಲಿನದ್ದನ್ನೂ ಸಕ್ಕರೆ ಹಾಲಿನಲ್ಲೇ ಮಾಡಲು ಬರುವುದಿಲ್ಲವೇ?

ಓಟಿಜಿ ಅಕ್ಕ

ಅಜ್ಜಿ ಮಾತು ನನಗೆ ಸರಿ ಅನ್ನಿಸುತ್ತೆ. ಮನೆ ಮನೆಗೆ ಪದ್ಧತಿ ಬೇರೆ, ಆದರೆ ಹಂಚುವ ತಿಂಡಿ ಎಲ್ಲರಿಗೂ ನಡೆಯುವಂತೆ ಇದ್ದರೆ ಒಳ್ಳೆಯದು ಅಲ್ವಾ. ಗ್ಲೇಜ್ ಮಾಡಿ. ಜರಡಿ ಹಿಡಿದ ಐಸಿಂಗ್ ಶುಗರ್ 200 ಗ್ರಾಂ, ಲಿಕ್ವಿಡ್ ಗ್ಲೂಕೋಸ್ ಒಂದು ದೊಡ್ಡ ಚಮಚ, ಹಾಲು ಎರಡು ದೊಡ್ಡ ಚಮಚ. ಎರಡು ಮೂರು ದಿನ ಇಡುವುದಾದರೆ ಹಾಲಿನ ಬದಲು ನೀರೇ ಮೇಲು. ಗ್ಲೂಕೋಸ್ ಹೊಳಪು ಕೊಡುತ್ತೆ, ಕಚ್ಚಿದರೆ ಹಲ್ಲಿಗೆ ಗಟ್ಟಿ ಅನ್ನಿಸುವುದಿಲ್ಲ. ತಿನ್ನಲು ರಾಯಲ್ ಐಸಿಂಗ್‌ಗಿಂತ ಇದೇ ರುಚಿ ಅಂತ ನನ್ನ ಅಭಿಪ್ರಾಯ. ಸಣ್ಣ ಗೆರೆ ಕೆಲಸ, ಹೂವಿನ ಕುಸುರಿ ಇದರಲ್ಲಿ ಬರುವುದಿಲ್ಲ. ಅದು ಬೇಕಿದ್ದರೆ ಹುಡುಗಿ ಹೇಳಿದ್ದೇ ದಾರಿ.

ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಕುಕಿ ಹಿಟ್ಟಿಗೆ ಆಗುತ್ತೆ, ಐಸಿಂಗ್‌ಗೆ ಬೇಡ. ಎಷ್ಟು ಜರಡಿ ಹಿಡಿದರೂ ತರಿ ಉಳಿಯುತ್ತೆ, ಐಸಿಂಗ್ ಹಿಂಡುವ ಪೈಪಿಂಗ್ ಬ್ಯಾಗಿನ ತುದಿಗೆ ಸಿಕ್ಕಿಕೊಳ್ಳುತ್ತೆ.

ಹದ ನೋಡುವುದು ಹೀಗೆ. ಚಾಕುವಿನಿಂದ ಬಟ್ಟಲಲ್ಲಿ ಒಂದು ಗೆರೆ ಎಳೆಯಿರಿ. ಹತ್ತರಿಂದ ಹದಿನೈದು ಎಣಿಸುವಷ್ಟರಲ್ಲಿ ಗೆರೆ ಮುಚ್ಚಿಕೊಂಡರೆ ಒಳಗೆ ತುಂಬುವ ಹದ. ಇಪ್ಪತ್ತು ದಾಟಿದರೆ ಅಂಚು ಕಟ್ಟುವ ಹದ. ಐದಕ್ಕೇ ಮುಚ್ಚಿದರೆ ತೆಳ್ಳಗಾಯಿತು, ಸಕ್ಕರೆ ಸೇರಿಸಿ. ನೀರನ್ನು ಹನಿ ಹನಿಯಾಗಿ ಹಾಕಿ, ಚಮಚದಲ್ಲಿ ಹಾಕಿದರೆ ಕೆಟ್ಟಿತು.

ಬನಶಂಕರಿ ಗಿಳಿ

ಗ್ಲೇಜ್ ಎಂದೇ ಇಟ್ಟುಕೊಳ್ಳೋಣ. ಗಿಳಿಗೆ ಹಸಿರು, ಕೊಕ್ಕಿಗೆ ಕೆಂಪು. ಎರಡೂ ಕಲಸಿಹೋಗದಂತೆ ಹೇಗೆ?

ಓಟಿಜಿ ಅಕ್ಕ

ಕುಕಿ ಪೂರ್ತಿ ಆರಿರಬೇಕು. ಇವತ್ತು ಬೇಯಿಸಿ, ನಾಳೆ ಬಣ್ಣ ಹಾಕಿ. ಬಿಸಿ ಇರುವಾಗ ಹಾಕಿದರೆ ಬೆಣ್ಣೆ ಜಿಡ್ಡು ಮೇಲೆ ಬಂದು ಮಚ್ಚೆ ಮಚ್ಚೆ ಆಗುತ್ತೆ.

ಗಟ್ಟಿ ಹಸಿರಿನಿಂದ ಅಂಚಿಗಿಂತ ಒಂದು ಎಳೆ ಒಳಗೆ ಗೆರೆ ಕಟ್ಟಿ. ಕೊಕ್ಕಿನ ಜಾಗ ಬಿಟ್ಟುಬಿಡಿ. ಬ್ಯಾಗನ್ನು ಕುಕಿಗೆ ತಾಗಿಸಬೇಡಿ, ಸ್ವಲ್ಪ ಮೇಲೆ ಹಿಡಿದರೆ ದಾರದಂತೆ ಇಳಿಯುತ್ತೆ, ಕೈ ನಡುಗಿದರೂ ಗೆರೆ ನೆಟ್ಟಗೆ ಕೂರುತ್ತೆ. ಆಮೇಲೆ ತೆಳು ಹಸಿರನ್ನು ನಡುವಿನಿಂದ ತುಂಬಿ. ಅಂಚಿನವರೆಗೆ ಸುರಿಯಬೇಡಿ, ಟೂತ್‌ಪಿಕ್‌ನಿಂದ ಮೂಲೆಗೆ, ಬಾಲದ ತುದಿಗೆ ತಳ್ಳಿ. ಕುಕಿಯನ್ನು ಮೇಜಿನ ಮೇಲೆ ಇಟ್ಟು ಮೆಲ್ಲಗೆ ಅಲ್ಲಾಡಿಸಿದರೆ ಸಮ ಆಗುತ್ತೆ. ಗುಳ್ಳೆ ಬಂದರೆ ಟೂತ್‌ಪಿಕ್‌ನಿಂದ ಚುಚ್ಚಿ. ಕಣ್ಣಿಗೆ ಒಂದು ಕರಿ ಎಳ್ಳು. ಟೂತ್‌ಪಿಕ್ ತುದಿ ಒದ್ದೆ ಮಾಡಿ ಎಳ್ಳು ಎತ್ತಿ, ಹಸಿ ಇರುವಾಗಲೇ ಇಟ್ಟುಬಿಡಿ. ಸಂಕ್ರಾಂತಿಗೂ ಹೊಂದುತ್ತೆ.

ಫ್ಯಾನ್ ಕೆಳಗೆ ಇಟ್ಟು ಹಸಿರಿನ ಮೇಲೆ ಪೊರೆ ಕಟ್ಟುವತನಕ ಕಾಯಿರಿ. ಬೆರಳು ತಾಗಿಸಿದರೆ ಅಂಟಬಾರದು. ಆಮೇಲೆ ಕೊಕ್ಕಿಗೆ ಕೆಂಪು. ಅವಸರ ಮಾಡಿದರೆ ಕೆಂಪು ಹಸಿರಿಗೆ ಹಬ್ಬಿ ಕಂದು ಬಣ್ಣ ಆಗುತ್ತೆ.

ಮಲ್ಲೇಶ್ವರ ಎಂಟನೇ ಕ್ರಾಸ್

ಹಸುವಿನ ಕೊರಳಿಗೆ ಜೀರಿಗೆ ಪೆಪ್ಪರ್‌ಮೆಂಟ್ ಹಚ್ಚಿ. ಎಳ್ಳಿಗೆ ಬೆರೆಸಲು ಹೇಗೂ ತಂದಿರುತ್ತೀರಿ. ಸಾಲಾಗಿ ಕೂರಿಸಿದರೆ ಗೆಜ್ಜೆ ಹಾರ ಥರ ಕಾಣುತ್ತೆ.

ಓಟಿಜಿ ಅಕ್ಕ

ಒಳ್ಳೇ ಐಡಿಯಾ. ಆದರೆ ಗ್ಲೇಜ್ ಅರೆಬರೆ ಒಣಗಿದ ಮೇಲೆ ಕೂರಿಸಿ. ಪೂರ್ತಿ ಹಸಿ ಇದ್ದರೆ ಅದರ ಬಣ್ಣ ಬಿಟ್ಟುಕೊಂಡು ಬಿಳಿ ಹಸು ಗುಲಾಬಿ ಆಗುತ್ತೆ.

ಜಯನಗರ ಥರ್ಮಾಮೀಟರ್

ಬಣ್ಣ ಯಾವುದು ಹಾಕುತ್ತೀರಿ? ಕರ್ನಾಟಕದಲ್ಲಿ ಬಣ್ಣವೇ ನಿಷೇಧ ಆಗಿದೆ ಅಂತ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಯಾರೋ ಹಾಕಿದ್ದರು.

ಬೇಕರಿ ಮನೆ ಹುಡುಗ

ಸರ್, 2024ರ ಮಾರ್ಚ್‌ನಲ್ಲಿ ಸರ್ಕಾರ ನಿಷೇಧ ಮಾಡಿದ್ದು ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣ ಮತ್ತು ಬಣ್ಣದ ಕಾಟನ್ ಕ್ಯಾಂಡಿ. ಅವುಗಳಲ್ಲಿ ರೋಡಮಿನ್-ಬಿ ಅಂಥದ್ದು ಸಿಕ್ಕಿತ್ತು. ಅದು ಬಟ್ಟೆಗೆ ಹಾಕುವ ಬಣ್ಣ, ತಿನ್ನುವ ಯಾವುದಕ್ಕೂ ಹಾಕಬಾರದು. ಬಿಸ್ಕತ್ತು, ಪೇಸ್ಟ್ರಿಗೆ ಎಂಟು ಕೃತಕ ಬಣ್ಣಗಳಿಗೆ ಅನುಮತಿ ಇದೆ. ಟಾರ್ಟ್ರಜೀನ್, ಕಾರ್ಮೊಯಿಸಿನ್, ಬ್ರಿಲಿಯಂಟ್ ಬ್ಲೂ, ಇಂಥವು. ಅದಕ್ಕೂ ಮಿತಿ ಇದೆ, ಕೆಜಿಗೆ 100 ಮಿಲಿಗ್ರಾಂ. ಪೇಟೆಯಲ್ಲಿ ಬಿಡಿಯಾಗಿ ಪೊಟ್ಟಣ ಕಟ್ಟಿ ಕೊಡುವ ಪುಡಿ ಬಣ್ಣ ಮಾತ್ರ ಬೇಡ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರುವ ಜೆಲ್ ಬಣ್ಣ ತಗೊಳ್ಳಿ, ಟೂತ್‌ಪಿಕ್ ತುದಿಯಷ್ಟು ಸಾಕು. ನೀರು ಬಣ್ಣ ಹಾಕಿದರೆ ಹದ ಕೆಡುತ್ತೆ.

ಗಾಢ ಬಣ್ಣ ಬೇಕು ಅಂತ ಹಾಕುತ್ತಲೇ ಹೋಗಬೇಡಿ. ಬಟ್ಟಲು ಮುಚ್ಚಿ ಕೆಲವು ಗಂಟೆ ಬಿಟ್ಟರೆ ತಾನೇ ಗಾಢವಾಗುತ್ತೆ. ಕೆಂಪು, ಕಪ್ಪು ಜಾಸ್ತಿ ಹಾಕಿದರೆ ಕಹಿ ಬರುತ್ತೆ, ಪಕ್ಕದ ಬಣ್ಣಕ್ಕೂ ಹಬ್ಬುತ್ತೆ.

ಪೇಟೆ ಅಜ್ಜಿ

ಹಳದಿಗೆ ಅರಿಸಿನ ಹಾಕಿ, ಮುಗಿಯಿತು.

ಬೇಕರಿ ಮನೆ ಹುಡುಗ

ಅದೂ ಆಗುತ್ತೆ ಅಜ್ಜಿ, ಚಿಟಿಕೆಗಿಂತ ಜಾಸ್ತಿ ಬೇಡ, ವಾಸನೆ ಬರುತ್ತೆ. ಬಿಸಿಲಿಗೆ ಇಟ್ಟರೆ ಬಣ್ಣವೂ ಮಾಸುತ್ತೆ.

ಹೆಸರಘಟ್ಟ ಹುಡುಗಿ

ಒಣಗಲು ಎಷ್ಟು ಹೊತ್ತು? ನಾನು ಆಗಸ್ಟ್‌ನಲ್ಲಿ ಮಾಡಿದ್ದು ಮಾರನೇ ದಿನವೂ ಅಂಟುತ್ತಿತ್ತು.

ಓಟಿಜಿ ಅಕ್ಕ

ಆಗಸ್ಟ್‌ನಲ್ಲಿ ಗಾಳಿಯಲ್ಲೇ ತೇವ ಇರುತ್ತೆ, ಸಕ್ಕರೆ ಅದನ್ನು ಹೀರಿಕೊಳ್ಳುತ್ತೆ. ಜನವರಿಯ ಒಣ ಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಫ್ಯಾನ್ ಹಾಕಿ ರಾತ್ರಿ ಬಿಟ್ಟರೆ ಸಾಕು. ಗ್ಲೇಜ್ ಮಾತ್ರ ಪೂರ್ತಿ ಕಲ್ಲಿನ ಹಾಗೆ ಆಗುವುದಿಲ್ಲ, ಆದ್ದರಿಂದ ಪೇರಿಸುವಾಗ ನಡುವೆ ಕಾಗದ ಇರಲಿ. ಫ್ರಿಜ್ಜಿಗೆ ಮಾತ್ರ ಇಡಬೇಡಿ. ಹೊರಗೆ ತೆಗೆದ ಕೂಡಲೇ ಬೆವರುತ್ತೆ, ಬಣ್ಣವೆಲ್ಲ ಇಳಿಯುತ್ತೆ.

ಮಲ್ಲೇಶ್ವರ ಎಂಟನೇ ಕ್ರಾಸ್

ಎಳ್ಳಿನ ಪೊಟ್ಟಣದ ಒಳಗೇ ಹಾಕಬಹುದಾ?

ಬೇಕರಿ ಮನೆ ಹುಡುಗ

ಬೇಡ. ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜದ ಜಿಡ್ಡು ಮತ್ತು ತೇವ ಕುಕಿಗೆ ಹತ್ತುತ್ತೆ. ಬೆಲ್ಲದ ಪಕ್ಕ ಕೂತರೆ ಒಂದೇ ದಿನಕ್ಕೆ ಮೆತ್ತಗಾಗುತ್ತೆ. ಬೇರೆ ಕವರಿನಲ್ಲಿ ಹಾಕಿ ಬಾಯಿ ಸೀಲ್ ಮಾಡಿ. ಬಾಲದ ತುದಿ ಕೆಳಗೆ ಬರದಂತೆ ನಿಲ್ಲಿಸಿ, ಮುರಿಯುವುದು ಮೊದಲು ಅಲ್ಲೇ.

ಬನಶಂಕರಿ ಗಿಳಿ

ಹೂಂ, ಹಾಗೇ ಮಾಡುತ್ತೇವೆ. ಗಿಳಿ ಹಸುವಿಗೆ ಗ್ಲೇಜ್, ಗಾಳಿಪಟ ಮಡಕೆ ಹಾಗೇ ಬೋಳು, ಮೇಲೆ ಬಿಳಿ ಎಳ್ಳು ಒತ್ತಿ ಬೇಯಿಸುತ್ತೇವೆ. ಎಲ್ಲಕ್ಕೂ ಬಣ್ಣ ಬಳಿಯುವ ತಾಳ್ಮೆ ಮಗಳಿಗೂ ಇಲ್ಲ, ನನಗೂ ಇಲ್ಲ. ಕೊನೇ ಪ್ರಶ್ನೆ: ಲಟ್ಟಿಸಿದ ಬಟರ್ ಪೇಪರ್ ಮೇಲೇ ಬೇಯಿಸಬಹುದಾ?

ಜಯನಗರ ಥರ್ಮಾಮೀಟರ್

ಅಂಗಡಿಯಲ್ಲಿ ಬಟರ್ ಪೇಪರ್ ಅಂತ ಕೊಡುವುದರಲ್ಲಿ ಎರಡು ಥರ ಇರುತ್ತೆ. ಸ್ವೀಟ್ ಸುತ್ತುವ ತೆಳು ಕಾಗದ ಬೇರೆ, ಅದು ಓವನ್‌ನಲ್ಲಿ ಕುಕಿಗೆ ಅಂಟಿಕೊಳ್ಳುತ್ತೆ, ಹೊಗೆಯೂ ಬರಬಹುದು. ಸಿಲಿಕೋನ್ ಲೇಪ ಇರುವ ಬೇಕಿಂಗ್ ಪಾರ್ಚ್‌ಮೆಂಟ್ ಕೇಳಿ ತಗೊಳ್ಳಿ, ಡಬ್ಬದ ಮೇಲೆ ಎಷ್ಟು ಡಿಗ್ರಿವರೆಗೆ ಅಂತ ಬರೆದಿರುತ್ತೆ. ಕಾಗದ ಟ್ರೇಗಿಂತ ದೊಡ್ಡದಿದ್ದರೆ ಅಂಚು ಕತ್ತರಿಸಿ, ರಾಡ್‌ಗೆ ತಾಗಬಾರದು.

ಬನಶಂಕರಿ ಗಿಳಿ

ನಮ್ಮಲ್ಲಿರುವುದು ಸ್ವೀಟ್ ಸುತ್ತುವುದೇ. ಸಂಜೆ ಪಾರ್ಚ್‌ಮೆಂಟ್ ತರಿಸುತ್ತೇನೆ.